ಮಂಜಿ ಹತ್ತಿದ ಭೂಗೋಳ ಪಾಠ

ಹಡಗಿನ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದವರು ಮಂಗಳೂರಿನಲ್ಲಿ ಯಾರೂ ಇಲ್ಲವೆಂಬುದು ಆ ಕಾಲದಲ್ಲಿ ನನ್ನ ದೃಢವಾದ ನಂಬಿಕೆಯಾಗಿತ್ತು. ನಾನು ಹಡಗು ಹತ್ತಿರಲಿಲ್ಲ, ಅದು ಬೇರೆ ಮಾತು! ಪುಸ್ತಕದಲ್ಲಿ ಚಿತ್ರ ನೋಡಿದ್ದೆ. ಬ್ರಿಟಿಷರ ಕಾಲ. ಬಂದರಿನ ಬಳಿಯ ಒಂದು ಶಾಲೆಯಲ್ಲಿ ಭೂಗೋಳ, ಚರಿತ್ರೆ ಎರಡನ್ನೂ ಕಲಿಸುತ್ತಿದ್ದೆ. ನೌಕರಿ ಮಾತ್ರ ತಾತ್ಕಾಲಿಕ. ಇನ್‌ಸ್ಪೆಕ್ಟರ್ ಸಾಹೇಬರು ಬಂದು ನನ್ನ ಪಾಠ ನೋಡಿ ತಲೆಯಾಡಿಸಿದರೆ ಖಾಯಂ. ಆಡಿಸದಿದ್ದರೆ ದೇರೆಬೈಲಿನ ಮಾವನ ಗದ್ದೆಯಲ್ಲಿ ಕೋಣಗಳ ಹಿಂದೆ ಓಡುವುದು. ಮಾವನವರು ಆಗಲೇ ಕೋಣಗಳಿಗೆ ನನ್ನ ಹೆಸರು ಹೇಳಿಟ್ಟಿದ್ದಾರೆಂದು ಹೆಂಡತಿ ಕಮಲ ತಮಾಷೆ ಮಾಡುತ್ತಿದ್ದಳು.

ಆಗ ಹಡಗು ನಿಲ್ಲುವ ಧಕ್ಕೆಯಲ್ಲಿ ಒಂದು ಮುದಿ ಮಂಜಿ ಬಿದ್ದುಕೊಂಡಿತ್ತು. ಮಂಜಿ ಎಂದರೆ ಹಾಯಿ ಕಟ್ಟಿ ಓಡಿಸುವ ದೊಡ್ಡ ಮರದ ಹಡಗು. ಒಂದು ಕಾಲದಲ್ಲಿ ಹಂಚು ತುಂಬಿಕೊಂಡು ಬೊಂಬಾಯಿಗೆ, ಅಕ್ಕಿ ತುಂಬಿಕೊಂಡು ದ್ವೀಪಗಳಿಗೆ ಹೋಗಿ ಬರುತ್ತಿತ್ತು. ಹೊಗೆಹಡಗುಗಳು ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಅದನ್ನು ನಡೆಸುತ್ತಿದ್ದ ಇದಿನಬ್ಬ ತಂಡೇಲರಿಗೂ ಇಲ್ಲ. ಇಬ್ಬರೂ ಬಿಸಿಲು ಕಾಯುತ್ತಾ ಕೂತಿರುತ್ತಿದ್ದರು. ಹಲಗೆಗೆ ಬಳಿದ ಮೀನೆಣ್ಣೆಯ ವಾಸನೆ ನಮ್ಮ ತರಗತಿಯವರೆಗೂ ಬರುತ್ತಿತ್ತು. ಈಗ ಆ ವಾಸನೆಗಾಗಿ ನಾನು ಏನನ್ನಾದರೂ ಕೊಟ್ಟೇನು. ಆಗ ಮೂಗು ಮುಚ್ಚಿಕೊಳ್ಳುತ್ತಿದ್ದೆ.

ನನ್ನ ಯೋಜನೆ ಸರಳವಾಗಿತ್ತು. ಮಂಜಿಗೆ ಹಳೆಯ ಪೋರ್ಚುಗೀಸರ ಹಡಗಿನ ವೇಷ ಹಾಕುವುದು. ಮಕ್ಕಳನ್ನೂ ಇನ್‌ಸ್ಪೆಕ್ಟರರನ್ನೂ ಅದರಲ್ಲಿ ಕೂರಿಸಿ, ಹೊಳೆ ಸಮುದ್ರ ಸೇರುವ ಅಳಿವೆಯ ತನಕ ಹೋಗಿ ಬರುವುದು. ಅಷ್ಟರೊಳಗೆ ಚರಿತ್ರೆ, ಭೂಗೋಳ, ನನ್ನ ಖಾಯಂ ನೌಕರಿ, ಮೂರೂ ಮುಗಿಯಬೇಕು!

ತಂಡೇಲರು ಸಂತೋಷದಿಂದ ಒಪ್ಪಿದರು. "ಸೋಮವಾರ ಏಳೂವರೆಗೆ ನೀರು ತುಂಬ್ತದೆ ಮಾಸ್ಟ್ರೆ. ಆಗ ಬಿಟ್ರೆ ಹೋಗಿ ಬರುವ. ಎಂತ ಹೆದರ್ಲಿಕ್ಕಿಲ್ಲ."

ಉಳಿದದ್ದು ಪೋರ್ಚುಗೀಸ್ ಹಾಯಿ. ಕಮಲಳ ಪೆಟ್ಟಿಗೆಯಲ್ಲಿದ್ದ ಎರಡು ಬಿಳಿಯ ಚಾದರಗಳನ್ನು ತೆಗೆದು, ಜೋಡಿಸಿ ಹೊಲಿಸಿ, ಕೆಮ್ಮಣ್ಣಿನಲ್ಲಿ ದೊಡ್ಡ ಶಿಲುಬೆ ಬರೆದೆ.

"ನಿಮಗೆಂತ ಮರ್ಲಾ?" ಎಂದು ಅವಳು ಎದೆ ಬಡಿದುಕೊಂಡಳು. "ಅದು ನನ್ನ ಮದುವೆಯ ಚಾದರ ಮಾರಾಯ್ರೆ!"

"ವಿದ್ಯಾಭ್ಯಾಸಕ್ಕಾಗಿ ತ್ಯಾಗ ಮಾಡಬೇಕಾಗ್ತದೆ ಕಮಲ."

"ತ್ಯಾಗ ಮಾಡುವುದಾದ್ರೆ ನಿಮ್ಮ ಪಂಚೆ ಮಾಡಿ. ಮತ್ತೆ, ಸೋಮವಾರ ಏಳೂವರೆಯಿಂದ ಒಂಬತ್ತರ ತನಕ ರಾಹುಕಾಲ ಉಂಟು. ಗೊತ್ತುಂಟಲ್ಲ?"

ನಾನು ಗಂಭೀರವಾಗಿ ನಕ್ಕೆ. ಸಮುದ್ರಕ್ಕೆ ಪಂಚಾಂಗ ಓದಲು ಬರುವುದಿಲ್ಲವೆಂದು ಅವಳಿಗೆ ತಿಳಿಹೇಳಿದೆ. ಸಮುದ್ರಕ್ಕೆ ಬರುವುದಿಲ್ಲ, ನಿಜ. ಇನ್‌ಸ್ಪೆಕ್ಟರರಿಗೆ ಬರುತ್ತಿತ್ತು!

ಸೋಮವಾರ ಬೆಳಿಗ್ಗೆ ಸಾಹೇಬರು ಕೋಟು, ಜರಿಯ ರುಮಾಲು ಧರಿಸಿ ಸರಿಯಾಗಿ ಏಳೂವರೆಗೆ ಬಂದರು. ಮಂಜಿಯನ್ನು ನೋಡಿ ಮೆಚ್ಚಿದರು. ಒಂದು ಕಾಲನ್ನು ಹಲಗೆಯ ಮೇಲಿಟ್ಟವರು ಥಟ್ಟನೆ ಹಿಂದಕ್ಕೆ ತೆಗೆದು, "ರಾಹುಕಾಲ" ಎಂದರು. ಅಲ್ಲೇ ಒಂದು ಹಂಚಿನ ರಾಶಿಯ ಮೇಲೆ ಕೂತರು. ನಾವೆಲ್ಲ ಸುತ್ತ ಕೂತೆವು. ಎಳನೀರಿನ ಬೊಂಡ ತರಿಸಿ ಕುಡಿಸಿದೆ. ಒಂಬತ್ತರವರೆಗೆ ಅಷ್ಟೂ ಜನ ಸೇರಿ ನೀರು ಇಳಿಯುವುದನ್ನು ನೋಡಿದೆವು.

"ಇಳಿತ ಶುರುವಾಗಿದೆ ತಂಡೇಲ್ರೆ" ಎಂದು ಪಿಸುಗುಟ್ಟಿದೆ.

"ಅಡ್ಡಿಲ್ಲ. ಈ ಹೊಳೆ ನನ್ನ ಮನೆ ಅಂಗಳ."

ಕಳೆದ ಮಳೆಗಾಲದಲ್ಲಿ ಹೊಳೆ ಆ ಅಂಗಳದ ಮರಳನ್ನೆಲ್ಲ ಬೇರೆ ಕಡೆ ಗುಡಿಸಿ ಹಾಕಿದ್ದು ಅವರಿಗೆ ತಿಳಿದಿರಲಿಲ್ಲ. ಆದರೂ ಅವರ ಜನ ಉದ್ದದ ಗಳ ಊರಿ, ಆಳ ನೋಡಿ ನೋಡಿ, ಮಂಜಿಯನ್ನು ಜಾಗ್ರತೆಯಾಗಿಯೇ ನಡೆಸುತ್ತಿದ್ದರು. ಹಾಗೆಯೇ ಬಿಟ್ಟಿದ್ದರೆ ಬಚಾವಾಗುತ್ತಿದ್ದೆವು. ಆದರೆ ನನ್ನ ಪಾಠದಲ್ಲಿ ಹಾಯಿ ಏರಿಸುವ ಭಾಗ ಬಂತು!

"ಬೇಡ ಮಾಸ್ಟ್ರೆ!" ಎಂದು ತಂಡೇಲರು ಕೂಗುವುದರೊಳಗೆ ನಾನು ಹಗ್ಗ ಎಳೆದಾಗಿತ್ತು. ಕಮಲಳ ಚಾದರಕ್ಕೆ ಗಾಳಿ ತುಂಬಿತು. ಮಂಜಿ ಹದಿನೆಂಟರ ಹುಡುಗಿಯ ಹಾಗೆ ಓಡಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಸಾಹೇಬರು "ಭೇಷ್!" ಎಂದರು. ಆಮೇಲೆ "ಸರ್ರ್" ಎಂಬ ಶಬ್ದ ಬಂತು. ಮಂಜಿ ನಿಂತಿತು.

ಹೊಳೆಯ ಆಚೆ ದಡದ ಬೆಂಗ್ರೆಗೂ ಈಚೆಯ ಧಕ್ಕೆಗೂ ನಡುವೆ, ಎರಡೂ ಕಡೆಯವರಿಗೆ ಚೆನ್ನಾಗಿ ಕಾಣುವ ಜಾಗದಲ್ಲಿ ನಾವು ದಿಬ್ಬ ಹತ್ತಿ ಕೂತಿದ್ದೆವು. ನೀರು ಇಳಿಯುತ್ತಾ ಹೋಯಿತು, ಸುತ್ತ ಕೆಸರು ಏಳುತ್ತಾ ಬಂತು. ಧಕ್ಕೆಯಲ್ಲಿ ಜನ ಸೇರಿದರು. ಕಡಲೆ ಮಾರುವವನೂ ಬಂದ.

ಒಬ್ಬ ದೋಣಿಯವನು ನಮ್ಮ ಅವಸ್ಥೆ ನೋಡಿ ಹತ್ತಿರ ಬಂದ. ಆದರೆ ಕೆಸರಿನ ಆಚೆಗೇ ನಿಲ್ಲಬೇಕಾಯಿತು. ಆಗ ನಾನು ಇತಿಹಾಸ ಪ್ರಸಿದ್ಧವಾಗಬೇಕಿದ್ದ ಮಾತನ್ನು ಹೇಳಿದೆ: "ಸಾರ್, ನನ್ನ ಬೆನ್ನುಂಟು!"

ಸಾಹೇಬರು ಸರಕಾರಿ ತೂಕದವರು. ಅವರನ್ನು ಹೊತ್ತು ನಾಲ್ಕು ಹೆಜ್ಜೆ ಇಟ್ಟೆ. ಐದನೆಯದು ಬರಲಿಲ್ಲ. ಕೆಸರು ಮೊಣಕಾಲು ದಾಟಿತು. ಕಾಲು ಮುಂದೆ ಹೋಗದು, ಹಿಂದೆ ಬಾರದು. ಕಿತ್ತುಕೊಳ್ಳಲು ಪ್ರಯತ್ನಿಸಿದಾಗ ನಾನು ಅಲ್ಲೇ ಉಳಿದೆ, ಪಂಚೆ ಮಾತ್ರ ಬಿಚ್ಚಿಕೊಂಡು ಗಾಳಿಗೆ ದೋಣಿಯ ಕಡೆಗೆ ಹೊರಟಿತು! ಒಳಗೆ ಚಡ್ಡಿ ಇದ್ದದ್ದು ಪೂರ್ವಜರ ಪುಣ್ಯ.

"ಮಾಸ್ಟ್ರೆ," ಮೇಲಿನಿಂದ ಶಾಂತವಾದ ಧ್ವನಿ ಬಂತು. "ನೀರು ಪುನಃ ಯಾವಾಗ ಏರುತ್ತದೆ?"

"ಚಂದ್ರನ ಆಕರ್ಷಣೆಯಿಂದ ಸಾರ್, ಸಮುದ್ರದಲ್ಲಿ..."

"ಚಂದ್ರ ಅಲ್ಲೇ ಇರಲಿ. ಹೊತ್ತು ಹೇಳಿ."

ಹೊತ್ತು ನನ್ನ ಪುಸ್ತಕದಲ್ಲಿ ಇರಲಿಲ್ಲ. ಸಾಹೇಬರು ನನ್ನ ಹೆಗಲಿನಿಂದಲೇ ಹಿಂತಿರುಗಿ ಮಕ್ಕಳನ್ನು ಕೇಳಿದರು. ಅರ್ಧಕ್ಕರ್ಧ ಬೆಂಗ್ರೆಯ ಮೀನುಗಾರರ ಮಕ್ಕಳು. ಒಟ್ಟಿಗೆ ಕೂಗಿದರು: "ಎರಡು ಗಂಟೆಗೆ ಏರ್ಲಿಕ್ಕೆ ಶುರು ಸಾರ್! ಐದಕ್ಕೆ ಮಂಜಿ ತೇಲ್ತದೆ!"

"ನಾಳೆ?"

"ನಾಳೆ ಇನ್ನೂ ಸ್ವಲ್ಪ ತಡ ಸಾರ್! ತಿಥಿ ಹೇಳಿದ್ರೆ ಯಾವ ದಿನದ್ದೂ ಹೇಳ್ತೇವೆ!"

ಪಂಚಾಂಗ ಹೇಗೂ ಸಾಹೇಬರ ಕಿಸೆಯಲ್ಲಿತ್ತು. ಪರೀಕ್ಷೆ ಬಹಳ ಹೊತ್ತು ನಡೆಯಿತು. ಉಬ್ಬರ, ಗಾಳಿ, ದಿಕ್ಕು, ದ್ವೀಪದ ದಾರಿ, ಎಲ್ಲವನ್ನೂ ಅವರು ಕೇಳಿದರು, ಮಕ್ಕಳು ಉತ್ತರಿಸಿದರು. ಪಂಚಾಂಗವನ್ನು ನನ್ನ ತಲೆಯ ಮೇಲೆ ಬಿಡಿಸಿಟ್ಟಿದ್ದರು, ನಾನು ಮೇಜಿನ ಕೆಲಸ ಮಾಡಿದೆ. ಕೊನೆಗೆ ತಂಡೇಲರು ಹಗ್ಗ ಎಸೆದು ಇಬ್ಬರನ್ನೂ ಮಂಜಿಗೆ ಎಳೆದುಕೊಂಡರು.

ಮಧ್ಯಾಹ್ನ ಎಲ್ಲರಿಗೂ ತಂಡೇಲರ ಮಡಕೆಯ ಗಂಜಿ, ಮಾವಿನ ಮಿಡಿಯ ಉಪ್ಪಿನಕಾಯಿ. ಸಾಹೇಬರು ಕೋಟು ಬಿಚ್ಚಿ ಎರಡು ಸಲ ಬಡಿಸಿಕೊಂಡರು. ಚಾದರದ ನೆರಳಿನಲ್ಲಿ ತಂಡೇಲರು ಬಿರುಗಾಳಿಗೆ ಸಿಕ್ಕಿದ ಕಥೆ ಹೇಳಿದರು, ಮಕ್ಕಳು ಬಾಯಿ ಬಿಟ್ಟು ಕೇಳಿದರು, ಸಾಹೇಬರೂ ಕೇಳಿದರು. ಐದು ಗಂಟೆಗೆ ಮಂಜಿ ಮೆಲ್ಲಗೆ ಮೈಮುರಿದು ಎದ್ದಿತು. ಇಳಿಬಿಸಿಲಿನಲ್ಲಿ ನೀರೆಲ್ಲ ಹೊಳೆಯುತ್ತಿತ್ತು. ತಂಡೇಲರು ಚುಕ್ಕಾಣಿ ಹಿಡಿದು ನಿಂತದ್ದು ಈಗಲೂ ಕಣ್ಣ ಮುಂದೆ ಇದೆ. ಅದೇ ಆ ಮಂಜಿಯ ಕೊನೆಯ ಪ್ರಯಾಣ. ಮಳೆಗಾಲಕ್ಕೆ ಮೊದಲು ಅದನ್ನು ಒಡೆದು ಮರ ಮಾರಿದರು. ಅಂಥ ಶಾಲೆಯನ್ನು ನಾನು ಮತ್ತೆ ಕಾಣಲಿಲ್ಲ.

ಧಕ್ಕೆಯಲ್ಲಿ ಹೆಡ್‌ಮಾಸ್ಟರರು ಬೆವರುತ್ತಾ ಕಾಯುತ್ತಿದ್ದರು. ನನ್ನ ಕಣ್ಣೆದುರು ದೇರೆಬೈಲಿನ ಕೋಣಗಳು ಬಂದು ನಿಂತವು. ಸಾಹೇಬರು ರುಮಾಲು ಸರಿಪಡಿಸಿಕೊಂಡು, ಊರೆಲ್ಲ ಕೇಳುವಂತೆ ತೀರ್ಪು ಕೊಟ್ಟರು:

"ಮಕ್ಕಳು ಬಹಳ ಬುದ್ಧಿವಂತರು. ಈ ಮಾಸ್ಟ್ರು ಇಷ್ಟು ಕಾಲ ಕಲಿಸಿದರೂ ಅವರ ಬುದ್ಧಿಗೆ ಏನೂ ಹಾನಿಯಾಗಿಲ್ಲ. ಇವರನ್ನು ಖಾಯಂ ಮಾಡಬಹುದು."

ಮನೆಗೆ ಹೋಗಿ ಕಮಲಳಿಗೆ ಕೊನೆಯ ವಾಕ್ಯವನ್ನಷ್ಟೇ ಹೇಳಿದೆ. ಅದರ ಹಿಂದಿನದನ್ನು ನನಗಿಂತ ಮೊದಲೇ ನಾಲ್ಕು ಜನ ಬಂದು ಹೇಳಿ, ಕಾಫಿ ಕುಡಿದು ಹೋಗಿದ್ದರು!