ಜ್ವರ ಬಿಟ್ಟ ಮೇಲೆ ಮೈಮೇಲೆ ಕೆಂಪು ಸಹಿ ಹಾಕಿದವರಿಗೆ

ಮಾನ್ಯ ರೋಗನಿರೋಧಕ ವ್ಯವಸ್ಥೆಯವರೇ,

ಐವತ್ತೆಂಟು ವರ್ಷಗಳಿಂದ ನನ್ನ ಮೈಯನ್ನು ಎಡೆಬಿಡದೆ ಕಾಯುತ್ತಿರುವ ತಮಗೆ, ಆ ಮೈಯ ಮಾಲೀಕನೆಂದು ಇದುವರೆಗೆ ಭ್ರಮಿಸಿದ್ದ ನಾನು, ಕೆರೆತವನ್ನು ಕೊಂಚ ನಿಲ್ಲಿಸಿ ಸಲ್ಲಿಸುವ ನಮಸ್ಕಾರಗಳು.

ಕಳೆದ ವಾರ ಒಳನುಗ್ಗಿದ ವೈರಸ್ಸನ್ನು ತಾವು ಮೂರು ದಿನ ಜ್ವರ ಕಾಯಿಸಿ ಬಗ್ಗುಬಡಿದಿರಿ, ಅದಕ್ಕೆ ನಾನು ಋಣಿ. ಆದರೆ ನಾಲ್ಕನೆಯ ದಿನ, ಬದುಕಿದೆಯಾ ಬಡಜೀವವೇ ಎಂದು ಸ್ನಾನಕ್ಕೆ ಅಂಗಿ ಬಿಚ್ಚಿದರೆ, ಎದೆಯಿಂದ ಹೊಟ್ಟೆಯವರೆಗೆ ಕೆಂಪು ದದ್ದು! ಪಾಪ, ವೈರಸ್ಸನ್ನೇ ಬಾಯಿಗೆ ಬಂದಂತೆ ಬೈದೆ. ಚರ್ಮದಲ್ಲಿ ಅದರ ಸುಳಿವು ಹಿಡಿದು ತಮ್ಮ ಕಾವಲು ಕಣಗಳೇ ಧಾವಿಸಿ, ರಕ್ತನಾಳ ಹಿಗ್ಗಿಸಿ, ಊತ ಎಬ್ಬಿಸಿ ನಡೆಸಿದ ಕಾರ್ಯಾಚರಣೆಯ ಗುರುತು ಅದೆಂದು ವೈದ್ಯೆ ಆಮೇಲೆ ತಿಳಿಸಿದರು. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಡುವ ತಮ್ಮ ಕರ್ತವ್ಯನಿಷ್ಠೆಗೆ ಸನ್ಮಾನವೇ ಆಗಬೇಕು.

ನಾನು ಫೋಟೋ ಸ್ಟುಡಿಯೋದಲ್ಲಿ ಗಿರಾಕಿಗಳ ಮುಖದ ಮೊಡವೆ, ಕಲೆ ಅಳಿಸುವವನು. ಪಕ್ಕದ ಕೋಣೆಯಲ್ಲಿ ಒಂಬತ್ತು ದಿನದ ಮೊಮ್ಮಗಳಿದ್ದಾಳೆ, ನಾನಿನ್ನೂ ಎತ್ತಿಕೊಂಡಿಲ್ಲ. ಮಗಳು ಬಾಗಿಲಲ್ಲೇ ತಡೆದು, “ಡಾಕ್ಟರಿಗೆ ದದ್ದಿನ ಫೋಟೋ ಕಳ್ಸಪ್ಪಾ, ಅವ್ರು ಹೂಂ ಅಂದ್ರೆ ಎತ್ಕೋ” ಅಂದಳು. ಹೊಟ್ಟೆಯ ಫೋಟೋ ತೆಗೆದೆ. ಕಳಿಸುವ ಮೊದಲು ಮೂವತ್ತು ವರ್ಷ ಪಳಗಿದ ಬೆರಳು ತನ್ನ ಪಾಡಿಗೆ ತಾನು ದದ್ದುಗಳನ್ನೆಲ್ಲ ಒರೆಸಿಬಿಟ್ಟಿತು. “ದದ್ದೇ ಇಲ್ವಲ್ರೀ, ಧಾರಾಳವಾಗಿ ಎತ್ಕೊಳ್ಳಿ” ಎಂದು ವೈದ್ಯೆಯ ಉತ್ತರ ಬಂತು.

ಮಗಳು ಮಗುವನ್ನು ಚಾಚಿದಳು. ಕೈ ನೀಡಿದೆ. ಅಂಗಿಯ ತೋಳು ಮೇಲೆ ಸರಿದು, ಮಣಿಕಟ್ಟಿನವರೆಗೂ ಹಬ್ಬಿದ್ದ ತಮ್ಮ ಕೆಂಪು ಸಹಿ ಕಂಡಿತು. ಕೈ ಹಿಂತೆಗೆದು ನಿಜ ಹೇಳಿದೆ. ಅಸಲಿ ಫೋಟೋ ನೋಡಿದ ವೈದ್ಯೆ ಇನ್ನೊಂದು ವಾರ ದೂರವಿರಿ ಅಂದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಸ್ನಾನದ ಮನೆಗೆ ಹೋಗಿ ಅತ್ತೆ.

ಆದ್ದರಿಂದ ವಿನಂತಿ: ಮುಂದಿನ ಸಲ ಗೆದ್ದಾಗ ವಿಜಯೋತ್ಸವವನ್ನು ಹೊಟ್ಟೆಯೊಳಗಿನ ಗುಲ್ಮದಲ್ಲೋ ಮೂಳೆಯೊಳಗೋ ಆಚರಿಸಿಕೊಳ್ಳಿ. ಚರ್ಮವೇ ಬೇಕೆಂದು ಹಟ ಹಿಡಿದರೆ, ದದ್ದಿನ ಕರಡನ್ನು ಮುಂಚಿತವಾಗಿ ನನಗೆ ಕಳಿಸಿ, ತಿದ್ದಿ ಕೊಡುತ್ತೇನೆ.

ತಮ್ಮ ವಿಶ್ವಾಸಿ,
ಹೊಸ್ತಿಲಾಚೆ ನಿಂತ ಅಜ್ಜ

ತಾ.ಕ.: ಮೊಮ್ಮಗಳೊಳಗೆ ತಮ್ಮದೇ ಹೊಸ ಶಾಖೆ ತೆರೆದಿದೆಯಂತೆ, ಸಿಬ್ಬಂದಿಗೆ ಇನ್ನೂ ಅನುಭವ ಸಾಲದಂತೆ. ಅಲ್ಲಿ ಮಾತ್ರ ಸಂಕೋಚ ಬೇಡ. ಬೇಕಿದ್ದರೆ ಮೈಯೆಲ್ಲ ಕೆಂಪು ಮಾಡಿ, ಬಂದ ವೈರಸ್ ಒಂದೂ ಉಳಿಯಕೂಡದು. ಆ ಫೋಟೋವನ್ನು ನಾನು ತಿದ್ದುವುದಿಲ್ಲ.