ನಮ್ಮವರು ಗಾಳಿ ನೇಯ್ದ ದಿನಗಳು

ನಮ್ಮ ಮನೆಯವರಷ್ಟು ಒಳ್ಳೆಯ ಅಭ್ಯಾಸಗಳನ್ನು ಶುರು ಮಾಡಿದವರು ನಾರಾಯಣಪೇಟೆಯಲ್ಲಿ ಇನ್ನೊಬ್ಬರಿರಲಿಲ್ಲ. ಏನಿಲ್ಲವೆಂದರೂ ವರ್ಷಕ್ಕೆ ಹತ್ತು! ಒಂದೊಂದರ ಆಯುಷ್ಯ ಮಾತ್ರ ಮೂರೋ ನಾಲ್ಕೋ ದಿನ. ಅವರ ಹೆಸರು ಕೇಳಬೇಡಿ. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ.

ನಾನು ಗದ್ವಾಲದಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಅವರಿಗೆ ಬಸ್ಕಿ ಹೊಡೆಯುವ ಹುಚ್ಚು ಹಿಡಿಯಿತು. ಮೊದಲ ದಿನವೇ ಇನ್ನೂರು!

"ದಿನಾ ಹತ್ತು ಹೊಡೀರಿ, ಸಾಕು," ಅಂದೆ.

"ಹತ್ತು ಹೊಡ್ಯಾಕ ನಾ ಏನು ಸಾಲಿ ಹುಡುಗನೇನು?"

ಮರುದಿನ ಕಾಲು ಮಡಚಲು ಬರಲಿಲ್ಲ. ನಮ್ಮದು ಕುಣಿಮಗ್ಗ, ನೇಯುವವರು ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಓಣಿಯ ಇಬ್ಬರು ಬಂದು ಇವರನ್ನು ಹಿಡಿದು ಇಳಿಸಿದರು. ಸಂಜೆ ಮೇಲಕ್ಕೆತ್ತಲು ಮತ್ತೆ ಅವರನ್ನೇ ಕರೆಯಬೇಕಾಯಿತು.

ಆಮೇಲೆ ಬೀಡಿ ಬಿಟ್ಟರು. ದೇವರ ಮುಂದೆ ಆಣೆ ಮಾಡಿದರು. ನಾಲ್ಕನೆಯ ದಿನ ಮಕ್ತಲಕ್ಕೆ ಹೋಗಿ ಬಂದವರ ಬಾಯಿ ಘಮ್ಮೆನ್ನುತ್ತಿತ್ತು.

"ಆಣಿ ಏನಾತ್ರಿ?"

"ನಾರಾಯಣಪೇಟ್ಯಾಗ ಸೇದಂಗಿಲ್ಲಂತ ಆಣಿ ಮಾಡೀನಿ. ಮಕ್ತಲ ಬ್ಯಾರೆ ಊರಲ್ಲೇನು?"

ಆ ತಿಂಗಳು ಅವರಿಗೆ ಮಕ್ತಲದಲ್ಲಿ ಎಷ್ಟೊಂದು ಕೆಲಸ ಹುಟ್ಟಿಕೊಂಡಿತು ಅಂತೀರಿ! ನಿಜಾಮರ ಕಾಲವಲ್ಲವೇ, ಕಚೇರಿ ಕಾಗದ ಓದಲು ಉರ್ದು ಕಲಿಯುತ್ತೇನೆಂದು ಹಲಗೆಯನ್ನೂ ತಂದರು. ಎರಡಕ್ಷರ ಕಲಿತರು. ಮೂರನೆಯದಕ್ಕೆ ಬರುವಷ್ಟರಲ್ಲಿ ಆ ಹಲಗೆ ನನ್ನ ಹಿಟ್ಟಿನ ಡಬ್ಬಿಗೆ ಮುಚ್ಚಳವಾಗಿತ್ತು.

ಇಂಥವರ ಪಾಲಿಗೆ ಪೊಲೀಸ್ ಆಕ್ಷನ್ನಿಗೆ ಮುಂಚಿನ ಆ ಕೆಟ್ಟ ದಿನಗಳು ಬಂದವು. ನಿಜಾಮರ ರಾಜ್ಯದ ಗಡಿಯಲ್ಲಿ ಸಾಮಾನು ತಡೆದಿದ್ದರು. ಸೊಲ್ಲಾಪುರದಿಂದ ಬರಬೇಕಾದ ನೂಲು ಬರಲಿಲ್ಲ. ಉದ್ದೆಳೆಗಳ ಹಾಸು ಮಗ್ಗದ ಮೇಲೆ ಅರ್ಧಕ್ಕೇ ನಿಂತಿತ್ತು. ಅಡ್ಡ ಹಾಯಿಸಲು ಲಾಳಿಯಲ್ಲಿ ಒಂದೆಳೆಯೂ ಇರಲಿಲ್ಲ. ಓಣಿಯ ಮಗ್ಗಗಳೆಲ್ಲ ಸುಮ್ಮನಾದವು.

ನಮ್ಮ ಅತ್ತೆಗೆ ಕಣ್ಣು ಹೋಗಿ ಆರು ವರ್ಷವಾಗಿತ್ತು. ಮನೆಯ ಸ್ಥಿತಿಗತಿಯನ್ನೆಲ್ಲ ಕಿವಿಯಿಂದಲೇ ಅಳೆಯುತ್ತಿದ್ದರು. ಮಗ್ಗದ ಸದ್ದು ನಿಂತಿತೋ, ಅವರ ಊಟವೂ ನಿಂತಿತು.

"ಹೊಟ್ಟಿ ತುಂಬೈತವ್ವ, ನೀವು ಉಣ್ರಿ," ಎಂದು ತಾಟು ಸರಿಸಿದರು.

"ಜ್ವಾಳ ಐತ್ರಿ ಅತ್ತಿ. ಬರ್ರಿ, ಕೈಯಿಟ್ಟು ನೋಡ್ರಿ," ಎಂದು ಚೀಲದ ಹತ್ತಿರ ಕರೆದೆ. ಕೈ ಚಾಚಲೇ ಇಲ್ಲ. ತಾನು ಒಂದು ರೊಟ್ಟಿ ಉಂಡರೆ ನಮಗೆ ಒಂದು ಕಡಿಮೆಯಾಗುತ್ತದೆಂದು ಅವರ ಲೆಕ್ಕ. ಮೂರು ದಿನಕ್ಕೆ ಗೋಡೆ ಹಿಡಿದು ನಡೆಯುವಂತಾದರು. ನನಗೆ ನಿಜಕ್ಕೂ ಭಯವಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಇವರು ಕುಣಿಗಿಳಿದರು. ಖಾಲಿ ಲಾಳಿ ಎಸೆದು ಮಗ್ಗ ಬಡಿಯತೊಡಗಿದರು. ಒಳಗಿನಿಂದ ಅತ್ತೆ ಕೂಗಿದರು:

"ನೂಲು ಬಂತೇನಪಾ?"

"ಬಂತವ್ವಾ!"

ಸ್ವಲ್ಪ ಹೊತ್ತು ಆ ಸದ್ದಿಗೆ ಕಿವಿಗೊಟ್ಟು, "ಹಂಗಾರ ಒಂದು ರೊಟ್ಟಿ ಹಾಕವ್ವ," ಅಂದರು.

ಅಂದಿನಿಂದ ದಿನಾ ಅದೇ. ರೊಟ್ಟಿ ಬೇಯುವ ತನಕ ಇವರು ಮಗ್ಗ ಬಡಿಯುವುದು, ಆಮೇಲೆ ಅತ್ತೆ ಉಣ್ಣುವುದು. ಓಣಿಯವರು ಬಂದು ನೋಡಿ, "ಗಾಳಿ ಸೀರಿಗೆ ಅಂಚು ಯಾವ ಬಣ್ಣದ್ದಪಾ?" ಎಂದು ಮೆಲ್ಲಗೆ ಕಾಡಿದರು. ಸದ್ದು ಕೇಳಿ ಸರ್ಕಾರದ ಜವಾನನೊಬ್ಬ ಒಳಗೆ ನುಗ್ಗಿ, "ಸೂತ್ ಕಾಂ ಸೇ ಆಯಾ ರೇ?" ಎಂದು, ನೂಲು ಎಲ್ಲಿಂದ ಬಂತೆಂದು ಗದರಿದ. ಇವರು ಖಾಲಿ ಲಾಳಿ ಎತ್ತಿ ತೋರಿಸಿದರು. ಅವನು ಹೊಟ್ಟೆ ಹಿಡಿದು ನಗತೊಡಗಿದ. ಇವರು ಕೈಮುಗಿದು ಪಿಸುಗುಟ್ಟಿದರು: "ಮೆಲ್ಲಕ ನಗ್ರಿ ಸಾಬ್, ನಮ್ಮವ್ವ ಕೇಳ್ತಾಳ." ಜವಾನ ಬಾಯಿ ಮುಚ್ಚಿಕೊಂಡು, ಕಾಲಸದ್ದಿಲ್ಲದೆ ಹೊರಟುಹೋದ.

ಜ್ವರ ಬಂದ ದಿನವೂ ಕುಣಿಗಿಳಿದರು. ಒಂದು ದಿನ ಮಾತ್ರ, "ಇವತ್ತೊಂದಿನ ಬಿಡ್ತೀನಿ, ಭುಜ ನೋಯ್ತಾವು," ಎಂದು ಮಲಗಿದ್ದರು. ಅತ್ತೆ ಬಾಗಿಲ ಹತ್ತಿರ ಬಂದು ಕೂತು ಮಗ್ಗದ ಕಡೆ ಕಿವಿಯಿಟ್ಟರು. ಇವರು ಎದ್ದು ಹೋದರು. ಮೂರು ದಿನದ ಮನುಷ್ಯ ಮೂರು ತಿಂಗಳು ಗಾಳಿ ನೇಯ್ದರೆಂದರೆ ನಂಬುತ್ತೀರಾ? ನಾನೇ ನಂಬಿರಲಿಲ್ಲ.

ಕೊನೆಗೆ ಮಿಲಿಟರಿ ಲಾರಿಗಳು ಬಂದವು, ನಿಜಾಮರ ಆಳ್ವಿಕೆ ಮುಗಿಯಿತು. ಕೆಲವು ವಾರಗಳ ಮೇಲೆ ನೂಲೂ ಬಂತು. ಇವರು ಕುಣಿಯಲ್ಲಿ ಕೂತು ತುಂಬಿದ ಲಾಳಿಯನ್ನು ಒಮ್ಮೆ ಎಸೆದರು, ಅಷ್ಟೇ.

"ಇವತ್ತು ನೂಲು ಬಂತು ನೋಡು," ಅಂದರು ಅತ್ತೆ.

ಇವರ ಕೈ ಅಲ್ಲೇ ನಿಂತಿತು.

"ಖಾಲಿ ಲಾಳಿ ಕಟಕಟ ಅಂತೈತಿ, ತುಂಬಿದ್ದು ಸರಕ್ಕಂತ ಹೋಗತೈತಿ. ನಲವತ್ತು ವರ್ಷ ಲಾಳಿಯೊಳಗಿನ ಕಂಡಿಕಿಗೆ ನೂಲು ಸುತ್ತೀನಿ, ನನಗ ತಿಳಿಯಂಗಿಲ್ಲೇನು?"

"ಮತ್ತ ದಿನಾ ಯಾಕ ಉಂಡಿ ಯವ್ವಾ?"

"ಹುಟ್ಟಿದಾಗಿಂದ ಯಾವ ಕೆಲಸಾನೂ ಎಂಟು ದಿನ ಮಾಡಿದಾಂವಲ್ಲ ನೀ. ನನ್ನ ಸಲುವಾಗಿ ದಿನಾ ಕುಂದ್ರಾಕತ್ತಿದ್ದಿ. ನಾ ಉಣ್ಣಲಿಲ್ಲಂದ್ರ ಅದನ್ನೂ ನೀ ಬಿಟ್ಟುಬಿಡ್ತಿದ್ದಿ, ಹುಚ್ಚಪ್ಪಾ!"

ಇವರು ಕುಣಿಯಿಂದ ಮೇಲೆ ಬಂದು ಅವ್ವನ ತೊಡೆಯ ಮೇಲೆ ತಲೆಯಿಟ್ಟು, ನಾನಲ್ಲಿರುವುದನ್ನೂ ಮರೆತು ಅತ್ತುಬಿಟ್ಟರು. ಅತ್ತೆ ಆ ನೋಯುವ ಭುಜವನ್ನು ತಡವಿ ತಡವಿ ನೀವುತ್ತಿದ್ದರು. ಒಲೆಯ ಮೇಲಿನ ರೊಟ್ಟಿ ಸೀದುಹೋಯಿತು, ನಾನು ಏಳಲಿಲ್ಲ. ಅಂದು ಮಧ್ಯಾಹ್ನ ತಾಯಿ ಮಗ ಇಬ್ಬರೂ ಒಂದೇ ತಾಟಿನಲ್ಲಿ ಉಂಡರು.