ಅನುಮಾನಗಳನ್ನು ಲಿಫ್ಟಿನಲ್ಲಿ ಒಯ್ಯಬಾರದು

ಸಂಖ್ಯೆ: ಗುಮಾ/ಅನು/ಲಿಫ್ಟ್/೧೪ (ಭಾಗ-೨)
ಅತಿ ಗೋಪ್ಯ (ಎಲ್ಲ ಸಿಬ್ಬಂದಿ ಓದಿ ಸಹಿ ಮಾಡತಕ್ಕದ್ದು)

ಸುತ್ತೋಲೆ

ವಿಷಯ: ಅನುಮಾನದ ಟಿಪ್ಪಣಿಗಳನ್ನು ಗುಪ್ತ ಮಾಹಿತಿ ಇಲಾಖೆಯ ಲಿಫ್ಟಿನಲ್ಲಿ ಒಯ್ಯುವುದನ್ನು ನಿಷೇಧಿಸುವ ಬಗ್ಗೆ.

ಉಲ್ಲೇಖ: ೧. ಲಿಫ್ಟ್ ನಿರ್ವಾಹಕರ ಮೌಖಿಕ ಹೇಳಿಕೆ.
೨. ಹಾಲಿ ನಡೆಯುತ್ತಿರುವ ಯುದ್ಧ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಯುದ್ಧ ಆರಂಭವಾಗಿ ಮೂವತ್ತೊಂದು ದಿನಗಳಾದರೂ ಅನುಮಾನಗಳ ಸಾಗಣೆಯ ಕುರಿತು ಇಲಾಖೆಯಲ್ಲಿ ಲಿಖಿತ ನಿಯಮ ಇಲ್ಲದಿರುವುದನ್ನು ಗಂಭೀರವಾಗಿ ಪರಿಗಣಿಸಿ, ಈ ಕೆಳಕಂಡಂತೆ ಆದೇಶಿಸಲಾಗಿದೆ.

೧. ಹಿನ್ನೆಲೆ: ನೆಲಮಹಡಿಯ ಛಾಯಾಚಿತ್ರ ಶಾಖೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಭೂತಗನ್ನಡಿ ಹಿಡಿದು ಕೂತಿರುವ, ಅದೇ ಕಾರಣಕ್ಕೆ ಸಹೋದ್ಯೋಗಿಗಳ ಬಾಯಲ್ಲಿ ‘ಭೂತಕ್ಕ’ ಆಗಿಹೋಗಿರುವ ಹಿರಿಯ ಪರಿಶೀಲಕಿಯವರಿಗೆ (ಇನ್ನು ಮುಂದೆ ‘ಸದರಿಯವರು’) ನೆರೆದೇಶದ ಕಾರ್ಖಾನೆಯೊಂದರ ಛಾಯಾಚಿತ್ರವನ್ನು ಪರಿಶೀಲನೆಗೆ ನೀಡಲಾಗಿತ್ತು. ಚಿತ್ರದಲ್ಲಿ ಹದಿನಾಲ್ಕು ದೊಡ್ಡ ಕಡಾಯಿಗಳು, ಹಬೆ, ಸಾಲಾಗಿಟ್ಟ ಮರದ ಚೌಕಟ್ಟುಗಳು ಹಾಗೂ ಕಾಂಪೌಂಡ್ ಗೋಡೆಯ ಮೇಲೆ ನಲವತ್ತೊಂದು ಕಪ್ಪು ಚುಕ್ಕೆಗಳು ಕಂಡುಬಂದಿರುತ್ತವೆ. ಕಡಾಯಿಗಳಲ್ಲಿ ವಿಷ ಕುದಿಯುತ್ತಿದೆ, ಚೌಕಟ್ಟುಗಳು ಕ್ಷಿಪಣಿಯ ಪೆಟ್ಟಿಗೆಗಳು, ಚುಕ್ಕೆಗಳು ಏನೆಂಬುದನ್ನು ರಾಷ್ಟ್ರದ ಹಿತದೃಷ್ಟಿಯಿಂದ ಹೇಳಲಾಗದು ಎಂದು ಮೇಲಿನ ಮಹಡಿಗಳು ಒಮ್ಮತದಿಂದ ತೀರ್ಮಾನಿಸಿದ್ದವು. ಸದರಿಯವರು ಮಾತ್ರ ಅದು ಸೋಪು ಕಾರ್ಖಾನೆಯೆಂದೂ, ಕುದಿಯುತ್ತಿರುವುದು ಕೊಬ್ಬೆಂದೂ, ಚೌಕಟ್ಟುಗಳು ಸೋಪು ಗಟ್ಟಿಯಾಗಲು ಸುರಿಯುವ ಅಚ್ಚುಗಳೆಂದೂ, ಚುಕ್ಕೆಗಳು ಕೊಬ್ಬಿನ ಆಸೆಗೆ ಬಂದು ಕೂತ ಕಾಗೆಗಳೆಂದೂ, ವಿಷ ಬೇಯುವ ಕಡೆ ಕಾಗೆ ಕೂರುವುದಿಲ್ಲವೆಂದೂ ಒಂದೇ ಪುಟದಲ್ಲಿ ಬರೆದು ಇಲಾಖೆಯ ಒಮ್ಮತಕ್ಕೆ ಧಕ್ಕೆ ತಂದಿರುತ್ತಾರೆ.

೨. ಛಾಯಾಚಿತ್ರದಲ್ಲಿ ಕಂಡುಬರುವ ಕಾಗೆಯನ್ನು ಪಶುಪಾಲನಾ ಇಲಾಖೆಯ ಪೂರ್ವಾನುಮತಿ ಇಲ್ಲದೆ ಕಾಗೆ ಎಂದು ಕರೆಯತಕ್ಕದ್ದಲ್ಲ. ಅನುಮತಿ ಬರುವವರೆಗೆ ಅದನ್ನು ಚುಕ್ಕೆ ಎಂದೇ ನಮೂದಿಸುವುದು. ಹಾರುತ್ತಿದ್ದಲ್ಲಿ ‘ಚಲಿಸುವ ಚುಕ್ಕೆ’.

೩. ಮಾಹಿತಿದಾರರು: ಸದರಿ ಕಾರ್ಖಾನೆಯಿಂದ ಕೆಲಸ ಬಿಡಿಸಲ್ಪಟ್ಟಿದ್ದ ಆಸಾಮಿಯೊಬ್ಬರು, ಒಳಗೆ ಕೈ ಸುಡುವ ಬಿಳಿ ಪುಡಿ (ಸದರಿಯವರ ಪ್ರಕಾರ ಸೋಪಿಗೆ ಹಾಕುವ ಕಾಸ್ಟಿಕ್ ಸೋಡ) ಇಟ್ಟಿದ್ದಾರೆಂದು ಕ್ಷೌರದಂಗಡಿಯಲ್ಲೂ ಬಸ್ ನಿಲ್ದಾಣದಲ್ಲೂ ನಮ್ಮ ರಾಯಭಾರ ಕಚೇರಿಯಲ್ಲೂ ಹೇಳಿದ್ದು, ಮಾಹಿತಿಯು ಮೂರು ದಾರಿಯಿಂದ ಬಂದ ಕಾರಣ ಅವರನ್ನು ಮೂವರೆಂದು ಪರಿಗಣಿಸಲಾಗಿತ್ತು. ಮೂವರೂ ಒಂದೇ ರೀತಿ ತೊದಲುತ್ತಿದ್ದುದು ಮಾಹಿತಿಯ ವಿಶ್ವಾಸಾರ್ಹತೆಯನ್ನು ಹೆಚ್ಚಿಸಿತ್ತು. ಎರಡನೇ ಮಹಡಿಯಲ್ಲಿ ‘ಕೈ ಸುಡುತ್ತದೆ’ ಎಂದಿದ್ದುದು ನಾಲ್ಕರಲ್ಲಿ ‘ಮೈ ಸುಡುತ್ತದೆ’ ಎಂದೂ, ಆರರಲ್ಲಿ ‘ನಮ್ಮ ನಗರಗಳು ಸುಡುತ್ತವೆ’ ಎಂದೂ ಪರಿಷ್ಕೃತಗೊಂಡಿತು. ಇಲಿ ಹೋಯಿತೆಂದರೆ ಹುಲಿ ಹೋಯಿತೆಂದರು ಎಂಬ ಗಾದೆಯನ್ನು ಯಾರೋ ಕಿಡಿಗೇಡಿಗಳು ಸೂಚನಾ ಫಲಕದಲ್ಲಿ ಬರೆದಿದ್ದು, ಈ ಬಗ್ಗೆ ಸ್ಪಷ್ಟಪಡಿಸುವುದೇನೆಂದರೆ, ಇಲಿಯ ಕುರಿತು ಇಲಾಖೆಯಲ್ಲಿ ಯಾವುದೇ ದಾಖಲೆ ಲಭ್ಯವಿರುವುದಿಲ್ಲ.

೪. ಘಟನೆ: ಮಾನ್ಯ ಮುಖ್ಯಸ್ಥರು ಏಳನೇ ಮಹಡಿಯಲ್ಲಿ ಯುದ್ಧದ ಆದೇಶಕ್ಕೆ ಸಹಿ ಹಾಕಲಿದ್ದ ದಿನ, ಸಹಿಯ ಹೊತ್ತಿಗೆ ಇಪ್ಪತ್ತು ನಿಮಿಷ ಮುಂಚೆ, ಸದರಿಯವರು ತಮ್ಮ ಟಿಪ್ಪಣಿಯೊಂದಿಗೆ ಲಿಫ್ಟಿನ ಮುಂದೆ ಬಂದು ನಿಂತರು. ಅಂದು ಲಿಫ್ಟನ್ನು ‘ಖಚಿತ’ ಎಂಬ ಮೊಹರು ಬಿದ್ದ ಕಡತಗಳಿಗೆ ಮೀಸಲಿಡಲಾಗಿತ್ತು. ನಿರ್ವಾಹಕರು ಸದರಿಯವರನ್ನು ತಡೆದು ನುಡಿದ ಮಾತು ವಿಚಾರಣಾ ವರದಿಯಲ್ಲಿ ಹೀಗಿದೆ: “ನನ್ ಕೈಲಿ ಏನಿದೆ ಹೇಳಿ ಅಕ್ಕ. ಮೊಹರು ಇಲ್ದಿದ್ರೆ ಬಾಗಿಲು ತೆಗೀಬೇಡ ಅಂದಿದಾರೆ.” ಸದರಿಯವರು ವಾದಕ್ಕೆ ನಿಲ್ಲದೆ, ನೋಯುವ ಮಂಡಿಯನ್ನೂ ಲೆಕ್ಕಿಸದೆ ಮೆಟ್ಟಿಲು ಹತ್ತಿರುತ್ತಾರೆ. ಒಟ್ಟು ಮೆಟ್ಟಿಲು ನೂರ ಅರವತ್ತೆಂಟು.

೫. ಆದ ಕಾರಣ, ಇನ್ನು ಮುಂದೆ ಅನುಮಾನಗಳನ್ನು ಮೆಟ್ಟಿಲ ಮೂಲಕವೇ ಒಯ್ಯತಕ್ಕದ್ದು. ಒಯ್ಯುವಾಗ:
(ಅ) ಎಡಬದಿಯಲ್ಲೇ ಹತ್ತುವುದು. ಮೇಲಿನಿಂದ ಇಳಿದು ಬರುವ ಖಚಿತ ಮಾಹಿತಿಗೆ ದಾರಿ ಬಿಡುವುದು. ಖಚಿತ ಮಾಹಿತಿ ಇದುವರೆಗೆ ಕೆಳಗೆ ಇಳಿದು ಬಂದ ಉದಾಹರಣೆ ಇಲ್ಲದಿದ್ದರೂ ದಾರಿ ಬಿಟ್ಟೇ ಇರುವುದು.
(ಆ) ಒಬ್ಬರು ಒಂದು ಸಲಕ್ಕೆ ಒಂದೇ ಅನುಮಾನ ಒಯ್ಯುವುದು. ಇನ್ನೊಂದು ಕೈ ಕಂಬಿ ಹಿಡಿಯಲು ಖಾಲಿ ಇರಬೇಕು.
(ಇ) ಯಾವುದೇ ಮಹಡಿಯಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಸುಧಾರಿಸಿಕೊಂಡಲ್ಲಿ ಅನುಮಾನವು ಆ ಮಹಡಿಯ ಸ್ವತ್ತಾಗುವುದು. ಸದರಿಯವರು ಮೂರರಲ್ಲಿ ಲಗತ್ತು ಪತ್ರ ಇಲ್ಲವೆಂದೂ, ಐದರಲ್ಲಿ ಕಾಗದದ ಅಂಚು ಕಡಿಮೆ ಬಿಟ್ಟಿದೆಯೆಂದೂ ತಡೆಯಲ್ಪಟ್ಟು, ಎರಡೂ ಕಡೆ ನಾಲ್ಕೂವರೆ ನಿಮಿಷಕ್ಕೇ ಬಿಡಿಸಿಕೊಂಡು ಹೊರಟಿದ್ದು ನಿಯಮದ ದುರ್ಬಳಕೆಯಾಗಿದೆ.

೬. ಮನೆಯಲ್ಲಿ ಕಲಿತ ವಿದ್ಯೆ: ಸೋಪಿನ ಕಡಾಯಿ ಹೇಗಿರುತ್ತದೆಂದು ಸದರಿಯವರಿಗೆ ಗೊತ್ತಿರುವುದು ಅವರ ತಂದೆ ಸೋಪು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದುದರಿಂದಲೇ ಹೊರತು ಇಲಾಖೆಯ ತರಬೇತಿಯಿಂದ ಅಲ್ಲ. ತಂದೆ, ತಾಯಿ, ಅಜ್ಜಿ ಮುಂತಾದವರಿಂದ ಬಂದ ತಿಳಿವಳಿಕೆಯನ್ನು ಕಚೇರಿ ವೇಳೆಯಲ್ಲಿ ಬಳಸತಕ್ಕದ್ದಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಫಲಕವನ್ನು ನೆಲಮಹಡಿಯಿಂದ ತೆಗೆಸಲಾಗಿದೆ. ಸ್ಕ್ರೂಗಳು ಉಗ್ರಾಣದಲ್ಲಿವೆ.

೭. ಹಿತಾಸಕ್ತಿ: ಸದರಿಯವರ ಕಿರಿಯ ತಮ್ಮ ಸೇನೆಯಲ್ಲಿ ಲಾರಿ ಚಾಲಕ. ತಂದೆತಾಯಿ ತೀರಿಕೊಂಡ ಮೇಲೆ ಸದರಿಯವರೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದು, ರಜೆಗೆ ಬಂದಾಗ ಇಬ್ಬರೂ ಒಂದೇ ಮನೆಯಲ್ಲಿ ವಾಸ. ತಮ್ಮನ ತುಕಡಿ ಅಂದು ಗಡಿಯಲ್ಲಿ ಆದೇಶಕ್ಕಾಗಿ ಕಾಯುತ್ತಿತ್ತು. ಹೀಗಾಗಿ ಯುದ್ಧ ನಡೆಯಬಾರದೆಂಬ ಸ್ವಂತ ಹಿತಾಸಕ್ತಿ ಸದರಿಯವರಿಗೆ ಇದ್ದದ್ದು ಸ್ಪಷ್ಟ. ಮಕ್ಕಳು ಅಥವಾ ಒಡಹುಟ್ಟಿದವರು ಸೇನೆಯಲ್ಲಿರುವ ನೌಕರರು ಯುದ್ಧಕ್ಕೆ ಸಂಬಂಧಿಸಿದ ಕಡತಗಳನ್ನು ಮುಟ್ಟತಕ್ಕದ್ದಲ್ಲ. ಐದನೇ ಮಹಡಿಯಿಂದ ಮೇಲೆ ಈ ನಿಯಮ ಯಾರಿಗೂ ಅನ್ವಯವಾಗುವ ಪ್ರಸಂಗ ಬಂದಿರುವುದಿಲ್ಲ.

೮. ಏಳನೇ ಮಹಡಿ: ಸದರಿಯವರು ಏದುಸಿರು ಬಿಡುತ್ತ ಸಭಾ ಕೊಠಡಿಯನ್ನು ಪ್ರವೇಶಿಸಿದಾಗ ಮಾನ್ಯ ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆದಿದ್ದರು, ಸಹಿ ಇನ್ನೂ ಆಗಿರಲಿಲ್ಲ. ಮಾನ್ಯರು ದೊಡ್ಡ ಮನಸ್ಸಿನಿಂದ ಟಿಪ್ಪಣಿಯನ್ನು ಪೂರ್ತಿ ಓದಿ, ಕುರ್ಚಿ ತರಿಸಿ, ಸದರಿಯವರಿಗೆ ನೀರನ್ನೂ ಕೊಡಿಸಿರುತ್ತಾರೆ. ನಂತರ ನಡೆದ ಮಾತುಕತೆ ಶೀಘ್ರಲಿಪಿಗಾರರ ಪುಸ್ತಕದಲ್ಲಿ ಈ ಪ್ರಕಾರ ಇದೆ:

“ಇದು ಸೋಪೇ ಅಂತ ನಿಮಗೆ ನೂರಕ್ಕೆ ನೂರು ಗ್ಯಾರಂಟಿನಾ?”

“ನೂರಕ್ಕೆ ತೊಂಬತ್ತು, ಸರ್. ಹೋಗಿ ಕಣ್ಣಾರೆ ನೋಡ್ದೆ ನೂರು ಅನ್ನೋಕಾಗಲ್ಲ.”

“ಇವರೆಲ್ಲ ನೂರು ಅಂತಿದಾರಲ್ಲಮ್ಮ.”

ಸದರಿಯವರು ನೂರು ಎಂದಿದ್ದರೆ ಪೆನ್ನಿನ ಮುಚ್ಚಳ ಮತ್ತೆ ಮುಚ್ಚುತ್ತಿತ್ತೆಂದು ಕೊಠಡಿಯಲ್ಲಿದ್ದ ಇಬ್ಬರು ಅಧಿಕಾರಿಗಳು ಅಭಿಪ್ರಾಯಪಟ್ಟಿದ್ದಾರೆ. ಸದರಿಯವರು ಹೇಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಕಾಣದ್ದನ್ನು ಕಂಡೆನೆಂದು ಬರೆದ ಅಭ್ಯಾಸ ಅವರಿಗೆ ಇರುವುದಿಲ್ಲ. ತೊಂಬತ್ತಕ್ಕಿಂತ ನೂರು ದೊಡ್ಡದೆಂಬುದು ನಿರ್ವಿವಾದವಾದ್ದರಿಂದ ಸಹಿ ಆಯಿತು. ಆರನೇ ಮಹಡಿಯ ನೂರು ಐದನೇ ಮಹಡಿಯ ನೂರನ್ನೂ, ಐದನೇ ಮಹಡಿಯದು ಏಳನೇ ಮಹಡಿಯ ಮುಖಭಾವವನ್ನೂ ಆಧರಿಸಿತ್ತೆಂದು ತದನಂತರ ತಿಳಿದುಬಂದಿದ್ದು, ಲೆಕ್ಕದಲ್ಲಿ ತಪ್ಪೇನೂ ಕಂಡುಬಂದಿರುವುದಿಲ್ಲ. ಹತ್ತರ ಕೊರತೆಗೆ ಸದರಿಯವರೇ ಹೊಣೆ.

೯. ಹತ್ತೊಂಬತ್ತನೇ ದಿನ ನಮ್ಮ ಸೇನೆ ಸದರಿ ಕಾರ್ಖಾನೆಯನ್ನು ವಶಪಡಿಸಿಕೊಂಡು ಅಲ್ಲಿ ಒಂಬತ್ತು ಸಾವಿರ ಬಿಲ್ಲೆ ಬಟ್ಟೆ ಸೋಪು ಪತ್ತೆ ಮಾಡಿದೆ. ಚುಕ್ಕೆಗಳು ಹಾರಿಹೋಗಿದ್ದವು. ಇದರಿಂದ ಕೊರತೆಯಿದ್ದ ಹತ್ತು ದೊರೆತಂತಾಗಿದ್ದು, ತಡವಾಗಿ ಬಂದ ಕಾರಣ ಅದನ್ನು ಮುಂದಿನ ಸಾಲಿಗೆ ವರ್ಗಾಯಿಸಲಾಗಿದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಊಟದ ಕೊಠಡಿಯಲ್ಲಿ ಆಡಿಕೊಳ್ಳುವವರ ಪಟ್ಟಿ ತಯಾರಾಗುತ್ತಿದೆ. ಸೋಪನ್ನು ಎಲ್ಲ ಮಹಡಿಗಳಿಗೂ ಸಮನಾಗಿ ಹಂಚಲಾಗುವುದು.

೧೦. ಈ ಸುತ್ತೋಲೆ ಬಂದ ದಿನದಿಂದ ಎಲ್ಲ ಪರಿಶೀಲನಾ ನಮೂನೆಗಳಲ್ಲಿ ‘ಖಚಿತತೆ’ ಎಂಬ ಅಂಕಣದಲ್ಲಿ ‘೧೦೦’ ಎಂದು ಮೊದಲೇ ಮುದ್ರಿಸಲಾಗುವುದು. ನೌಕರರು ಸಹಿಯನ್ನಷ್ಟೇ ಹಾಕಿದರೆ ಸಾಕು.

೧೧. ಹಳೆಯ ನಮೂನೆಯನ್ನು ಕೊನೆಯ ಬಾರಿಗೆ ಬಳಸಿದ್ದು ಇಪ್ಪತ್ತೇಳನೇ ದಿನ. ಕಾರ್ಖಾನೆಯಿಂದ ಹಿಂದಿರುಗುವ ದಾರಿಯಲ್ಲಿ ಸುಟ್ಟುಹೋದ ಸೇನಾ ಲಾರಿಯೊಂದರ ಚಾಲಕನ ಗುರುತು ಹತ್ತದ ಕಾರಣ, ಛಾಯಾಚಿತ್ರವನ್ನು ಶಾಖೆಯಲ್ಲೇ ಅತ್ಯಂತ ನುರಿತ ಕಣ್ಣಾದ ಸದರಿಯವರ ಮೇಜಿಗೆ ಕಳುಹಿಸಲಾಗಿತ್ತು. ಕಲಂ ೬ ಮತ್ತು ೭ನ್ನು ಈ ಒಂದು ಪ್ರಕರಣಕ್ಕೆ ಸಡಿಲಿಸಲಾಗಿದೆ. ಸದರಿಯವರು ಭೂತಗನ್ನಡಿಯನ್ನು ಒಂದೇ ಸಲ ಇಟ್ಟು ನೋಡಿ, ಎಡತೋಳಿನ ತುದಿಯಲ್ಲಿ ಸುಡದೆ ಉಳಿದಿದ್ದ ಗುಂಡಿಯೊಂದನ್ನು ಬೆರಳಿಟ್ಟು ತೋರಿಸಿ, “ಖಾಕಿ ದಾರ ಸಿಗ್ಲಿಲ್ಲ ಅಂತ ನೀಲಿದು ಹಾಕಿ ನಾನೇ ಹೊಲ್ದಿದ್ದೆ” ಎಂದಿರುತ್ತಾರೆ. ಈ ಕಲಮನ್ನು ಕರಡು ಮಾಡಿದವರ ಅಕ್ಷರ ಓದಲಾಗದಷ್ಟು ಕೆಟ್ಟಿದ್ದು, ಕಾರಣ ಕೇಳಿದ್ದಕ್ಕೆ ಸಂಕಟವಾಯಿತೆಂದು ಉತ್ತರಿಸಿದ್ದಾರೆ. ಉತ್ತರ ಸಮಾಧಾನಕರವಾಗಿಲ್ಲ.

೧೨. ಆ ನಮೂನೆಯ ‘ಖಚಿತತೆ’ ಅಂಕಣದಲ್ಲಿ ಸದರಿಯವರು ತಮ್ಮ ಕೈಯಾರೆ ‘ನೂರಕ್ಕೆ ನೂರು’ ಎಂದು ಬರೆದು ಸಹಿ ಮಾಡಿದ್ದಾರೆ. ಸೇವಾವಧಿಯಲ್ಲಿ ಸದರಿಯವರು ಇಲಾಖೆಗೆ ನೀಡಿದ ಮೊದಲ ಪೂರ್ಣ ಖಚಿತತೆ ಇದಾಗಿದ್ದು, ಮನಸ್ಸು ಮಾಡಿದರೆ ಸದರಿಯವರಿಂದಲೂ ಸಾಧ್ಯವೆಂಬುದು ಇದರಿಂದ ರುಜುವಾತಾಗಿದೆ. ಈ ಬಗ್ಗೆ ಇಲಾಖೆಯು ಹರ್ಷ ವ್ಯಕ್ತಪಡಿಸುತ್ತಾ, ಸದರಿಯವರ ಸೇವಾ ಪುಸ್ತಕದಲ್ಲಿ ಮೆಚ್ಚುಗೆ ನಮೂದಿಸಲು ಈ ಮೂಲಕ ಸೂಚಿಸಲಾಗಿದೆ.

ಸಹಿ/-
ಅಧೀನ ಕಾರ್ಯದರ್ಶಿ
(ಖಚಿತತೆ ಮತ್ತು ಲಿಫ್ಟ್)

ಪ್ರತಿಗಳು:
೧. ಮಾನ್ಯ ಮುಖ್ಯಸ್ಥರ ಆಪ್ತ ಕಾರ್ಯದರ್ಶಿಯವರಿಗೆ, ಮಾನ್ಯರ ಗಮನಕ್ಕೆ ತರುವ ಅಗತ್ಯವಿಲ್ಲವೆಂಬ ಕೋರಿಕೆಯೊಂದಿಗೆ.
೨. ಪಶುಪಾಲನಾ ಇಲಾಖೆಗೆ, ಕಾಗೆಗಳ ಮಟ್ಟಿಗೆ ಮಾತ್ರ.
೩. ಲಿಫ್ಟ್ ನಿರ್ವಾಹಕರಿಗೆ. ಸದರಿಯವರನ್ನು ಅಂದಿನಿಂದ ಮೊಹರಿಲ್ಲದೆಯೇ ಮೇಲೆ ಕರೆದೊಯ್ಯಲು ಮುಂದಾಗುತ್ತಿರುವುದಕ್ಕೆ ವಿವರಣೆ ನೀಡುವುದು.
೪. ಸದರಿಯವರಿಗೆ, ಮೂರು ದಿನದ ರಜೆಯ ಮೇಲಿರುವುದರಿಂದ ಮನೆಯ ವಿಳಾಸಕ್ಕೆ. ಮನೆಯಲ್ಲಿ ಈಗ ಬೇರೆ ಯಾರೂ ಇಲ್ಲದ ಕಾರಣ, ಬಾಗಿಲು ತೆರೆಯುವವರೆಗೆ ಕಾದು ಸ್ವೀಕೃತಿ ಪಡೆಯತಕ್ಕದ್ದು.